ಮಗಳ ಕಂಪ್ಯೂಟರಿಗೆ ಅಳತೆ

ದರ್ಜಿಯ ಮಾತನ್ನು ದರ್ಜಿಯಷ್ಟು ಚೆನ್ನಾಗಿ ಅನುಮಾನಿಸಬಲ್ಲವರು ಇನ್ನೊಬ್ಬರಿಲ್ಲ. ಆಳಂದದ ಬಸ್ ಸ್ಟ್ಯಾಂಡಿನಿಂದ ತುಸು ಒಳಗೆ ನನ್ನದೊಂದು ಟೇಲರ್ ಅಂಗಡಿ ಇದೆ. ಬಹಳ ವರ್ಷಗಳಿಂದ ಅಲ್ಲಿ ಕೂತು ಪ್ಯಾಂಟು, ಅಂಗಿ, ನೆಹರೂ ಶರ್ಟು, ಮದುಮಕ್ಕಳ ಸಫಾರಿ ಹೊಲಿಯುತ್ತ ಬಂದಿದ್ದೇನೆ. ನಡುನಡುವೆ ಬಾಯಿಂದಲೂ ಒಂದಿಷ್ಟು ಹೊಲಿದಿದ್ದೇನೆ. ‘ಬರೇ ಗುಂಡಿ ಹಚ್ಚೂದು ಉಳದದರಿ’ ಎಂದು ನಾನು ಅಂದರೆ, ಬಟ್ಟೆ ಇನ್ನೂ ಗಿರಾಕಿ ತಂದುಕೊಟ್ಟ ಚೀಲದಲ್ಲೇ ಇದೆ ಎಂದು ತಿಳಿಯಬೇಕು. ‘ಇಸ್ತ್ರಿಗಿ ಹೋಗ್ಯಾವರಿ’ ಎಂದರೆ ಆ ಚೀಲ ಎಲ್ಲಿದೆ ಎಂದು ಆಗಷ್ಟೇ ಹುಡುಕಲು ಶುರು ಮಾಡಿದ್ದೇನೆ ಎಂದರ್ಥ. ಇದನ್ನು ಮೋಸ ಅನ್ನಬೇಡಿ. ಗಿರಾಕಿಗಳೇನು ಕಡಿಮೆಯೇ? ಮುಂದಿನ ತಿಂಗಳ ಮದುವೆಯನ್ನು ನಾಳಿದ್ದೇ ಇದೆ ಎಂದು ಹೇಳಿ ಬಟ್ಟೆ ಕೊಟ್ಟು ಹೋಗುತ್ತಾರೆ. ಅವರ ಸುಳ್ಳು, ನನ್ನ ಸುಳ್ಳು ಸರಿದೂಗಿ ಮದುವೆಯ ದಿನ ಮದುಮಗ ಮರ್ಯಾದೆಯಿಂದ ನಿಲ್ಲುತ್ತಾನೆ. ಆದರೆ ಇಂಥ ಮನುಷ್ಯ ತಾನೇ ಗಿರಾಕಿಯಾಗಿ ಇನ್ನೊಬ್ಬರ ಅಂಗಡಿಯ ಮುಂದೆ ನಿಲ್ಲುವ ಪ್ರಸಂಗ ಬಂದರೆ ಅವನ ಪಾಡು ಬೇಡ. ನನಗೆ ಆ ಪಾಡು ತಂದವಳು ನನ್ನ ಮಗಳು.

ಸುಜಾತಾ ಕಡಗಂಚಿಯಲ್ಲಿ ಎಂ.ಎಸ್ಸಿ. ಓದುತ್ತಾಳೆ. ಅಲ್ಲೇ ಹಾಸ್ಟೆಲ್ಲು. ಕಡಗಂಚಿ ಏನು ದೂರದ ಊರಲ್ಲ, ಬಸ್ಸು ಹತ್ತಿ ಬೆವರು ಒರೆಸಿಕೊಂಡು ಪಕ್ಕದವರ ಊರು ಯಾವುದೆಂದು ಕೇಳುವಷ್ಟರಲ್ಲಿ ಬಂದುಬಿಡುತ್ತದೆ. ಆದರೂ ಅವಳು ಮನೆಗೆ ಬರುವುದು ಸೂಟಿ ಇದ್ದಾಗ ಮಾತ್ರ. ಬೇಸಿಗೆ ಸೂಟಿ ಹತ್ತಿರ ಬಂದಾಗ ಒಂದು ಸಂಜೆ ಫೋನಿನಲ್ಲಿ, ಈ ಸಲ ಸೊಲ್ಲಾಪುರದ ಮಾವಶಿಯ ಮನೆಗೆ ಹೋಗುತ್ತೇನೆ ಅಂದಳು. ಮಾವಶಿ ಅಂದರೆ ನನ್ನ ಹೆಂಡತಿಯ ತಂಗಿ. ಅವರ ಮನೆಯಲ್ಲಿ ಗೇಮಿಂಗ್ ಕಂಪ್ಯೂಟರ್ ತಂದಿದ್ದಾರಂತೆ. ಸಾದಾ ಕಂಪ್ಯೂಟರಿನಲ್ಲಿ ಅವಳ ಆಟಗಳು ತೆವಳುತ್ತವಂತೆ, ಇದರಲ್ಲಿ ಓಡುತ್ತವಂತೆ. ಅಂಥದ್ದು ನಮ್ಮ ಮನೆಗೇ ಬಂದರೆ ಎಂದು ನಾನು ಬಾಯಿತಪ್ಪಿ ಕೇಳಿದೆ. “ಬಂದ್ರ ಸೂಟಿ ಪೂರಾ ಇಲ್ಲೇ ಇರ್ತೇನಿ ಅಪ್ಪಾ” ಅಂದಳು. ಆ ಮಾತಿಗೆ ನಾನು ಬಿದ್ದುಹೋದೆ. ಮಗಳು ಮನೆಯಲ್ಲಿದ್ದರೆ ನನಗೆ ಊಟ ರುಚಿಸುತ್ತದೆ, ಅಂಗಡಿ ಬೇಗ ಮುಚ್ಚಬೇಕೆನಿಸುತ್ತದೆ, ಹೆಂಡತಿಯ ಮಾತು ಕೂಡ ಅಷ್ಟು ಉದ್ದ ಅನಿಸುವುದಿಲ್ಲ. ಆ ಸಲ ಮದುವೆಗಳ ಹೊಲಿಗೆ ಕೈತುಂಬ ಇದ್ದುದರಿಂದ ದುಡ್ಡಿನ ಚಿಂತೆಯೂ ಇರಲಿಲ್ಲ. ತಂದುಬಿಡೋಣ ಅಂದೆ.

ಅಷ್ಟಕ್ಕೆ ಮುಗಿದಿದ್ದರೆ ಈ ಪ್ರಬಂಧ ಬರೆಯುವ ಅಗತ್ಯವೇ ಇರಲಿಲ್ಲ. ಕಂಪ್ಯೂಟರ್ ತರಲು ಎರಡು ದಾರಿ ಇವೆ ಎಂದು ಅವಳು ಹೇಳಿದಳು. ಕಂಪನಿಯವರೇ ಜೋಡಿಸಿ ಡಬ್ಬಿಯಲ್ಲಿಟ್ಟು ಮಾರುವುದನ್ನು ತಂದು, ವೈರು ಸಿಕ್ಕಿಸಿ ಆಡುವುದು ಒಂದು ದಾರಿ. ಒಂದೊಂದೇ ಭಾಗವನ್ನು ನಾವೇ ಆರಿಸಿ, ಗೊತ್ತಿದ್ದವರಿಂದ ಜೋಡಿಸಿಕೊಳ್ಳುವುದು ಇನ್ನೊಂದು. ಅವಳಿಗೆ ಎರಡೂ ನಡೆಯುತ್ತದಂತೆ. ಪರೀಕ್ಷೆ ಇರುವುದರಿಂದ ಅವಳಿಗೆ ಪುರುಸೊತ್ತಿಲ್ಲ, ವಸ್ತು ನೋಡಿದರೆ ಅದರ ಗುಣ ನನಗೆ ತಿಳಿಯುತ್ತದೆ, ಆದ್ದರಿಂದ ನಾನೇ ಆರಿಸಬೇಕಂತೆ. ನೋಡಿ, ಇಡೀ ಆಳಂದದಲ್ಲಿ ಈ ಪ್ರಶ್ನೆ ಕೇಳಬಾರದಾಗಿದ್ದ ಮನುಷ್ಯ ಯಾರಾದರೂ ಇದ್ದರೆ ಅದು ನಾನು. ರೆಡಿಮೇಡ್ ಬಟ್ಟೆ ಬಂದು ನಮ್ಮ ಕಸುಬಿನ ಬುಡಕ್ಕೆ ಕೊಡಲಿ ಬಿದ್ದಾಗಿನಿಂದ, ಅಂಗಡಿಗೆ ಬಂದವರಿಗೆಲ್ಲ ನಾನು ಹೇಳುತ್ತ ಬಂದದ್ದು ಒಂದೇ ಮಾತು. ಯಾರದೋ ಮೈಗೆ ಹೊಲಿದದ್ದನ್ನು ನೀವ್ಯಾಕೆ ತೊಡುತ್ತೀರಿ, ನಿಮ್ಮ ಅಳತೆಗೆ ಹೊಲಿಸಿಕೊಳ್ಳಿ. ಈ ಲೆಕ್ಕದಲ್ಲಿ ನಾನು ಕಣ್ಣುಮುಚ್ಚಿಕೊಂಡು ಜೋಡಿಸಿದ್ದೇ ಬೇಕು ಅನ್ನಬೇಕಿತ್ತು. ಅನ್ನಲು ಬಾಯಿ ತೆರೆದೆ. ಆದರೆ ಹೊಲಿಸಿಕೊಳ್ಳಲು ಕೊಟ್ಟವರ ಗತಿ ಏನಾಗುತ್ತದೆ ಎಂಬುದೂ ನನಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಬಾಯಿ ಹಾಗೇ ಮುಚ್ಚಿಕೊಂಡೆ.

ನನ್ನ ಅಂಗಡಿಯ ಗೋಡೆಗೆ ಹತ್ತಿಕೊಂಡೇ ಮಹಿಬೂಬನ ರೆಡಿಮೇಡ್ ಬಟ್ಟೆ ಅಂಗಡಿ ಇದೆ. ನನ್ನ ವೈರಿ ಮತ್ತು ನನ್ನ ಗೆಳೆಯ ಒಂದೇ ಗೋಡೆಯ ಆಚೆ ಇರುವುದು ಒಂದು ಅನುಕೂಲ. ಹಗಲೆಲ್ಲ ನಾವು ಗಿರಾಕಿಗಳನ್ನು ಎಳೆದಾಡುತ್ತೇವೆ, ಸಂಜೆ ಒಂದೇ ಬಂಡಿಯ ಚಹಾ ಕುಡಿಯುತ್ತೇವೆ. ಅವನು ರೆಡಿಯನ್ನೇ ಹೊಗಳುತ್ತಾನೆ, ನಾನು ಎದುರು ವಾದ ಮಾಡುತ್ತೇನೆ, ವಾದದಲ್ಲಿ ನನ್ನ ತಲೆ ತಿಳಿಯಾಗುತ್ತದೆ ಎಂಬ ಆಸೆಯಿಂದ ಅವನ ಮುಂದೆ ವಿಷಯ ಇಟ್ಟೆ. ಅವನು ಚಹಾ ಕೆಳಗಿಟ್ಟು ಸುತ್ತಮುತ್ತ ಯಾರಾದರೂ ಕೇಳುತ್ತಿದ್ದಾರೆಯೇ ಎಂದು ನೋಡಿದ.

“ರೆಡಿ ಬಿಲ್ಕುಲ್ ತಗೋಬ್ಯಾಡ ಮಾಸ್ತರ. ಮ್ಯಾಲ ಚಮಕ್ ಇರ್ತದ, ಒಳಗ ಏನಿರ್ತದ ಅಂತ ನನಗ ಕೇಳು. ನಾ ಮಾರಾಂವ ಇದ್ದೇನಿ.”

ಹಾಗಾದರೆ ಜೋಡಿಸಿದ್ದೇ ತಗೋ ಅಂತೀಯಾ ಎಂದು ಕೇಳಿದರೆ, ಹೌದು, ಕಣ್ಣೆದುರು ಮಾಡಿಸಿಕೊಂಡದ್ದಕ್ಕೆ ಸಮ ಯಾವುದೂ ಇಲ್ಲ ಎಂದು ನನ್ನದೇ ಮಾತನ್ನು ನನಗೇ ತಿರುಗಿಸಿ ಹೇಳಿದ. ನಾನು ಅವನ ಕಿವಿಯಲ್ಲಿ, ಮಾಡಿಸಿಕೊಳ್ಳುವುದರ ಬಗ್ಗೆ ನಿನಗೆ ಏನೂ ಗೊತ್ತಿಲ್ಲ, ನಾನು ಮಾಡುವವನಿದ್ದೇನೆ, ರೆಡಿಯಾದರೆ ಅದೇ ದಿನ ಕೈಗೆ ಸಿಗುತ್ತದೆ ಅಂದೆ. ಹೀಗೆ ಆ ಸಂಜೆ ರೆಡಿಮೇಡ್ ವ್ಯಾಪಾರಿ ಹೊಲಿಗೆಯ ಪರ, ಟೇಲರ್ ರೆಡಿಮೇಡಿನ ಪರ ವಾದ ಮಾಡಿದೆವು. ಚಹಾ ಬಂಡಿಯವನು ನಮ್ಮಿಬ್ಬರನ್ನೂ ಒಂದು ಥರಾ ನೋಡಿದ. ಕೊನೆಗೆ ಅವನು ನನ್ನ ಮಾತಿಗೆ ಒಪ್ಪಿದ, ನಾನು ಅವನ ಮಾತಿಗೆ ಒಪ್ಪಿದೆ. ಇಬ್ಬರೂ ಒಪ್ಪಿಕೊಂಡ ಮೇಲೂ ಯಾವುದು ತರಬೇಕೆಂಬುದು ಮಾತ್ರ ಉಳಿದೇ ಹೋಯಿತು.

ಮನೆಗೆ ಬಂದು ಹೆಂಡತಿ ಕಸ್ತೂರಿಯನ್ನು ಕೇಳಿದೆ. ಅವಳು ಗೋಡೆಯ ಮೇಲಿದ್ದ ನಮ್ಮ ಮದುವೆಯ ಫೋಟೋ ಕಡೆ ಒಮ್ಮೆ ನೋಡಿ ರೊಟ್ಟಿ ಬಡಿಯಲು ಹೋದಳು. ಆ ಫೋಟೋದ ಕಥೆ ನಿಮಗೆ ಗೊತ್ತಿಲ್ಲ. ನನ್ನ ಮದುವೆಯ ಸೂಟನ್ನು ನನಗೆ ಕಸುಬು ಕಲಿಸಿದ ಮಾಸ್ತರರೇ ಹೊಲಿದುಕೊಡುತ್ತೇನೆಂದು ಹಟ ಹಿಡಿದಿದ್ದರು. ಶಿಷ್ಯನ ಮೇಲಿನ ಪ್ರೀತಿ. ಅಕ್ಷತೆಯ ಹೊತ್ತಿಗೆ ಕೋಟು ಬಂತು, ಒಂದೇ ತೋಳಿನೊಂದಿಗೆ. ಇನ್ನೊಂದು ತೋಳು ಇಸ್ತ್ರಿಗೆ ಹೋಗಿದೆ ಎಂದು ಮಾಸ್ತರರು ನನಗೇ ಹೇಳಿದರು! ಅದಕ್ಕೇ ಫೋಟೋದಲ್ಲಿ ನಾನು ಬಲಭುಜದ ಮೇಲೆ ಶಾಲು ಹೊದ್ದುಕೊಂಡು, ಬಹಳ ಗಂಭೀರವಾದ ಮುಖ ಮಾಡಿಕೊಂಡು ನಿಂತಿದ್ದೇನೆ. ನೋಡಿದವರು ಆಗಿನ ಕಾಲದ ಮದುಮಗಂದಿರಿಗೆ ಎಂಥ ಗತ್ತು ಇತ್ತು ಅನ್ನುತ್ತಾರೆ.

ಮರುದಿನ ಹಿರೋಳ್ಳಿಯಿಂದ ಅಂಗಿ ಹೊಲಿಸಲು ಬಂದ ರೈತ ಅಲ್ಲಪ್ಪನವರನ್ನೂ ಕೇಳಿದೆ. ಕಂಪ್ಯೂಟರ್ ಅಂದರೆ ಅವರಿಗೆ ಅಷ್ಟಕ್ಕಷ್ಟೆ, ಆದರೆ ಸಲಹೆ ಕೇಳಿದರೆ ಇಲ್ಲ ಅನ್ನುವವರಲ್ಲ. ಅವರು ಒಮ್ಮೆ ಜೋಡೆತ್ತು ಕೊಳ್ಳಲು ಹೋದಾಗ, ತಯಾರಿದ್ದ ಜೋಡಿ ಬಿಟ್ಟು, ಒಂದು ಎತ್ತನ್ನು ಒಬ್ಬರ ಹತ್ತಿರ ಇನ್ನೊಂದನ್ನು ಮತ್ತೊಬ್ಬರ ಹತ್ತಿರ ಆರಿಸಿ ತಂದರಂತೆ. ಎರಡೂ ಎತ್ತು ಬೇರೆ ಬೇರೆಯಾಗಿ ನೋಡಿದರೆ ಬಂಗಾರ. ನೊಗಕ್ಕೆ ಹೂಡಿದರೆ ಒಂದು ಎಳೆಯುತ್ತಿತ್ತು, ಇನ್ನೊಂದು ನಿಂತು ನೋಡುತ್ತಿತ್ತಂತೆ. ಹಾಗಾದರೆ ರೆಡಿ ಜೋಡಿಯೇ ಒಳ್ಳೆಯದಲ್ಲವೇ ಅಂದೆ. ಇಲ್ಲ, ರೆಡಿ ಜೋಡಿ ತಂದ ಅವರ ತಮ್ಮನ ಮನೆಯಲ್ಲಿ ಎರಡೂ ಎತ್ತು ನಿಂತು ನೋಡುತ್ತಿದ್ದವಂತೆ. ನಾನು ಅವರ ಅಂಗಿಯ ಅಳತೆ ತೆಗೆದುಕೊಂಡೆ. ಗೊಂದಲದಲ್ಲಿ ಎದೆಯ ಅಳತೆಯನ್ನು ಸೊಂಟದ ಜಾಗದಲ್ಲಿ ಬರೆದೆನೆಂಬುದು ಆಮೇಲೆ ಗೊತ್ತಾಯಿತು.

ಕಣ್ಣಾರೆ ನೋಡದೆ ತೀರದು ಎಂದು ಮಹಿಬೂಬನನ್ನು ಕರೆದುಕೊಂಡು ಮೊದಲು ಅಫಜಲಪುರಕ್ಕೆ ಹೋದೆ. ಅದು ಅವನ ಹೆಂಡತಿಯ ತವರು. ಅವನ ಮಾವನಿಗೆ ಗುರುತಿದ್ದ ಅಂಗಡಿಯಲ್ಲಿ ರೆಡಿ ಕಂಪ್ಯೂಟರ್ ಇತ್ತು. ಕರಿಯ ಪೆಟ್ಟಿಗೆ, ಒಂದು ಬದಿಗೆ ಗಾಜು, ಒಳಗೆ ಕೆಂಪು ಹಸಿರು ನೀಲಿ ದೀಪಗಳು ತಿರುಗುತ್ತಿದ್ದವು. ಮದುವೆ ಮನೆಯ ಝಗಮಗವನ್ನೆಲ್ಲ ಒಂದು ಟ್ರಂಕಿನಲ್ಲಿ ತುಂಬಿದ ಹಾಗೆ ಕಾಣುತ್ತಿತ್ತು. ನನಗೆ ಯಾವ ಬಟ್ಟೆ ಕಂಡರೂ ಒಳಮಗ್ಗಲು ತಿರುವಿ ಹೊಲಿಗೆ ನೋಡುವ ಚಟ. ಇದರ ಬೆನ್ನು ತೋರಿಸ್ರಿ ಅಂದೆ, ತೋರಿಸಿದರು. ಒಳಗೆ ಕರೆಂಟು ಕೊಡುವ ಡಬ್ಬಿ ಯಾವ ದರ್ಜೆಯದು ಎಂದು ಕೇಳಿದೆ, ಏಕೆಂದರೆ ಮಗಳು ಅದನ್ನೇ ಮೊದಲು ಕೇಳು ಎಂದಿದ್ದಳು. ರೆಡಿ ಮಾಡುವವರು ಕೈ ಬಿಗಿ ಮಾಡುವುದು ಅಲ್ಲೇ ಅಂತೆ. ಅಂಗಡಿಯವರು ಬಹಳ ಒಳ್ಳೆಯದು ಅಂದರು. ಬಿಚ್ಚಿ ತೋರಿಸ್ರಿ ಅಂದೆ. ಬಿಚ್ಚಿದರೆ ಗ್ಯಾರಂಟಿ ಹೋಗುತ್ತದೆ, ಹಾಗೇ ನಂಬಬೇಕು ಅಂದರು. ಮಹಿಬೂಬ ನನ್ನ ತೋಳು ಚಿವುಟಿ ಹೊರಗೆ ಕರೆದೊಯ್ದ. ತನ್ನ ಅಂಗಡಿಯಲ್ಲಿ ಒಗೆದರೆ ಬಣ್ಣ ಹೋಗುವ ಅಂಗಿ ಮಾರುವಾಗ ತಾನೂ ಇದೇ ದನಿಯಲ್ಲಿ ನಂಬಿರಿ ಅನ್ನುತ್ತೇನೆ ಎಂದು ಪಿಸುಗುಟ್ಟಿದ. ಆ ಅಂಗಡಿಯವರು ಖರೇನೇ ಹೇಳಿರಬಹುದು. ಆದರೆ ಇಬ್ಬರು ವ್ಯಾಪಾರಸ್ಥರು ಒಟ್ಟಿಗೆ ಗಿರಾಕಿಗಳಾಗಿ ಹೋದರೆ ಖರೆ ಮಾತಿಗೆ ಬೆಲೆ ಎಲ್ಲಿರುತ್ತದೆ? ಅವನ ಮಾವನ ಮನೆಯಲ್ಲಿ ಊಟ ಮಾಡಿ ತಿರುಗಿ ಬಂದೆವು.

ಮುಂದಿನ ವಾರ ಜೇವರ್ಗಿಗೆ. ಆಳಂದದಿಂದ ಜೇವರ್ಗಿಗೆ ಹೋಗಬೇಕಾದರೆ ಕಲಬುರಗಿಯನ್ನು ದಾಟಬೇಕು, ಕಲಬುರಗಿಯಲ್ಲಿ ಕಂಪ್ಯೂಟರ್ ಅಂಗಡಿಗಳಿಗೆ ಬರವಿಲ್ಲ. ಅವನ್ನೆಲ್ಲ ಬಸ್ಸಿನ ಕಿಟಕಿಯಿಂದ ನೋಡುತ್ತ ನಾವು ಮುಂದಕ್ಕೆ ಹೋದೆವು. ನಮ್ಮ ಕಡೆ ಏನೇ ಕೊಳ್ಳಬೇಕಾದರೂ ಗುರುತಿನವರು ಬೇಕು. ಗುರುತಿನವರು ನಾಲ್ಕು ಕಾಸು ಹೆಚ್ಚು ತೆಗೆದುಕೊಂಡರೂ ಚಿಂತೆಯಿಲ್ಲ, ಆಮೇಲೆ ಬೈಯಬೇಕಾದರೆ ಹೋಗಲು ಒಂದು ಮನೆ ಗೊತ್ತಿರುತ್ತದೆ. ಜೇವರ್ಗಿಯಲ್ಲಿ ಕಂಪ್ಯೂಟರ್ ಜೋಡಿಸುವ ವೀರೇಶ, ನನ್ನ ಹೆಂಡತಿಯ ತವರಾದ ಅಂದೋಲಾದವನು. ನನ್ನನ್ನು ಮಾಮಾ ಅನ್ನುತ್ತಾನೆ. ಹೋದ ಕೂಡಲೇ ಕುರ್ಚಿ ಹಾಕಿ, ಮಗಳು ಯಾವ ಯಾವ ಆಟ ಆಡುತ್ತಾಳೆ, ಪರದೆ ಎಷ್ಟು ದೊಡ್ಡದು ಬೇಕು, ಕೋಣೆಗೆ ಬಿಸಿಲು ಎಷ್ಟು ಬೀಳುತ್ತದೆ, ಕರೆಂಟು ಎಷ್ಟು ಸಲ ಹೋಗುತ್ತದೆ ಎಂದು ಒಂದೊಂದಾಗಿ ಕೇಳಿದ. ಇದು ಅಳತೆ ತೆಗೆಯುವುದಲ್ಲದೆ ಮತ್ತೇನು! ಮಗಳು ಹೇಳಿಕೊಟ್ಟಿದ್ದನ್ನೆಲ್ಲ ಗಿಣಿಯಂತೆ ಒಪ್ಪಿಸಿದೆ. ಇದೇ ಸರಿ, ಇವನೇ ಸರಿ ಅನಿಸಿತು. ಯಾವಾಗ ಕೊಡುತ್ತೀ ಅಂದೆ.

“ಮುಂದಿನ ಶುಕ್ರವಾರ ಬರ್ರಿ ಮಾಮಾ. ಖಾತ್ರಿ.”

ಆ ದನಿ ನನಗೆ ಗೊತ್ತಿತ್ತು. ನಾನು ಗಿರಾಕಿಗಳಿಗೆ ಹೇಳುವ ಶುಕ್ರವಾರಗಳನ್ನೆಲ್ಲ ಜೋಡಿಸಿಟ್ಟರೆ ಒಂದು ಬೇರೆ ವರ್ಷವೇ ಆಗುತ್ತದೆ. ಅಂಗಡಿಯ ಮೂಲೆಯಲ್ಲಿ ಹೊಟ್ಟೆ ತೆರೆದುಕೊಂಡು ಕೂತಿದ್ದ ಒಂದಿಷ್ಟು ಕಂಪ್ಯೂಟರ್‌ಗಳು ಆಗ ಕಣ್ಣಿಗೆ ಬಿದ್ದವು. ಇವು ಯಾರವು ಎಂದರೆ, ಬರೇ ವೈರ್ ಕಟ್ಟುವುದು ಉಳಿದಿದೆ ಅಂದ. ಬರೇ ವೈರ್! ಅಷ್ಟರಲ್ಲಿ ಅವನು, ಈ ಭಾಗ ನಿಮ್ಮದಕ್ಕೇ ಇರಲಿ ಎಂದು ಒಂದು ಹೊಸ ಡಬ್ಬಿ ತೆಗೆದು ಅದರ ಸೀಲಿಗೆ ಬ್ಲೇಡು ಹಚ್ಚಿದ. ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇದೆ. ಗಿರಾಕಿ ಬೇಸತ್ತು ಬಟ್ಟೆ ವಾಪಸು ಕೇಳುವ ಲಕ್ಷಣ ಕಂಡರೆ, ಹೊಲಿಯುವುದು ಯಾವಾಗಲೋ ಇರಲಿ, ಮೊದಲು ಬಟ್ಟೆಗೆ ಕತ್ತರಿ ಹಾಕಿಬಿಡುತ್ತೇವೆ. ಕತ್ತರಿ ಬಿದ್ದ ಬಟ್ಟೆಯನ್ನು ಯಾರೂ ಬೇರೆ ಅಂಗಡಿಗೆ ಒಯ್ಯಲಾರರು. ಆ ಬ್ಲೇಡು ಕಂಡು ನಾನು ಕುರ್ಚಿಯಿಂದ ಎದ್ದು ಅವನ ಕೈ ಹಿಡಿದುಕೊಂಡೆ. ತಡಿ, ಮಗಳಿಗೆ ಒಂದು ಮಾತು ಕೇಳಿ ಹೇಳುತ್ತೇನೆ ಅಂದೆ. ಪಾಪ, ಅವನಿಗೆ ಏನೂ ತಿಳಿಯಲಿಲ್ಲ. ಡಬ್ಬಿಯಲ್ಲಿ ಹಾವೇನಾದರೂ ಇದೆಯೋ ಎಂಬಂತೆ ಹಿಂದಕ್ಕೆ ಸರಿದ. ಹೋಗುವಾಗಿನಂತೆಯೇ ಬರುವಾಗಲೂ ಕಲಬುರಗಿಯ ಅಂಗಡಿಗಳನ್ನು ಕಿಟಕಿಯಿಂದ ನೋಡುತ್ತ ಬಂದೆವು.

ಇಷ್ಟರಲ್ಲಿ ಒಂದು ವಿಚಿತ್ರ ನಡೆದಿತ್ತು. ಮೊದಲೆಲ್ಲ ಸುಜಾತಾ ಫೋನ್ ಮಾಡಿದರೆ ತಾಯಿಯೊಂದಿಗೇ ಮಾತು, ನನಗೆ ‘ಅಪ್ಪಾ ಉಂಡಿ?’ ಅಂದು ಮುಗಿಯುತ್ತಿತ್ತು. ಈಗ ದಿನಾ ಸಂಜೆ ಫೋನ್ ನನಗೇ ಬರುತ್ತಿತ್ತು. ಗ್ರಾಫಿಕ್ಸ್ ಕಾರ್ಡ್ ಎಂದರೇನು, ಅದಕ್ಕೂ ಪ್ರೊಸೆಸರಿಗೂ ಯಾಕೆ ಹೊಂದಿಕೆ ಬೇಕು, ಒಂದು ಬಲವಾಗಿ ಇನ್ನೊಂದು ಸೋತರೆ ಏನಾಗುತ್ತದೆ ಎಂದು ಅವಳು ಹೇಳುತ್ತಿದ್ದಳು. ನಾನು ಅಲ್ಲಪ್ಪನವರ ಎತ್ತುಗಳನ್ನು ನೆನೆಸಿಕೊಂಡು ಹೂಂ ಅನ್ನುತ್ತಿದ್ದೆ. ತಿಳಿದದ್ದನ್ನೂ ತಿಳಿಯಲಿಲ್ಲ ಅಂದು ಎರಡನೇ ಸಲ ಹೇಳಿಸಿಕೊಂಡದ್ದೂ ಉಂಟು. ಪರೀಕ್ಷೆ ಮುಗಿಸಿ ಮನೆಗೆ ಬಂದಳು. ಇನ್ನೂ ನಿರ್ಧಾರ ಆಗಿಲ್ಲ ಎಂದು ತಿಳಿದು ಸಿಟ್ಟು ಮಾಡಲಿಲ್ಲ. ನನ್ನ ಅಂಗಡಿಗೇ ಬಂದು ಕೂತು, ಕಟಿಂಗ್ ಟೇಬಲ್ಲಿನ ಮೇಲೆ ನಾನು ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸಿನಿಂದ ಕಂಪ್ಯೂಟರಿನ ಒಡಲನ್ನೆಲ್ಲ ಬರೆದು ತೋರಿಸಿದಳು. ಮಾತಾಡುತ್ತ ಮಾತಾಡುತ್ತ ನಾಲ್ಕು ಅಂಗಿಗೆ ಗುಂಡಿಯನ್ನೂ ಹಚ್ಚಿಕೊಟ್ಟಳು. ಅಂಥ ದಿನಗಳು ನನಗೆ ಬಹಳ ಕಾಲದಿಂದ ಸಿಕ್ಕಿರಲಿಲ್ಲ. ಆದರೆ ಒಂದು ಬೆಳಿಗ್ಗೆ, ಮಾವಶಿಯ ಫೋನ್ ಬಂದಿತ್ತು, ಇನ್ನು ಕಾಯಲು ಆಗುವುದಿಲ್ಲ, ಭಾನುವಾರ ಸೊಲ್ಲಾಪುರಕ್ಕೆ ಹೊರಡುತ್ತೇನೆ ಎಂದು ಹೇಳಿ ಚೀಲ ತೆಗೆದು ಜೋಡಿಸಲು ಕೂತಳು.

ನಾನು ಹಿತ್ತಲಿಗೆ ಹೋಗಿ ವೀರೇಶನಿಗೆ ಫೋನ್ ಮಾಡಿ, ಒಡಿ ಡಬ್ಬಿ ಅಂದೆ. ಅಷ್ಟು ದಿನ ತೂಗಿ ನೋಡಿ ಕೊನೆಗೆ ಜೋಡಿಸಿದ್ದನ್ನೇ ಯಾಕೆ ಆರಿಸಿದೆನೆಂದು ಕೇಳಬೇಡಿ. ಕಂಪ್ಯೂಟರಿನ ಗುಣಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಆ ಹೊತ್ತಿಗೆ ನನ್ನ ಫೋನಿನಲ್ಲಿ ಇದ್ದದ್ದು ಅವನ ನಂಬರು. ಶುಕ್ರವಾರ ಖಾತ್ರಿ ಎಂದು ಅವನು ಮತ್ತೆ ಅಂದ. ಮಗಳಿಗೆ ಹೇಳಿದೆ, ಅವಳು ಚೀಲ ಬಿಚ್ಚಿದಳು. ಕಸುಬಿನವರ ಶುಕ್ರವಾರ ಅಂದರೆ ಬರುವ ತಿಂಗಳು, ಅಲ್ಲಿಯವರೆಗೆ ಅವಳು ನನ್ನ ಅಂಗಡಿಯಲ್ಲಿ ಕೂತು ಕಾಯುತ್ತಾಳೆ, ಸೂಟಿ ಹೀಗೇ ಸಾಗುತ್ತದೆ ಎಂದು ನಾನು ಒಳಗೊಳಗೇ ನಿಶ್ಚಿಂತನಾದೆ. ಶುಕ್ರವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಮನೆಯ ಮುಂದೆ ಒಂದು ಟಂಟಂ ಆಟೋ ನಿಂತಿತು. ವೀರೇಶ ತಾನೇ ಪೆಟ್ಟಿಗೆ ಹೊತ್ತುಕೊಂಡು ಇಳಿದ.

“ಪೂರಾ ಆಗ್ಯದೇನು? ವೈರ್?” ಎಂದು ಕೇಳಿದೆ.

“ಎಲ್ಲಾ ಆಗ್ಯದ್ರಿ ಮಾಮಾ. ಶುಕ್ರವಾರ ಅಂದಿದ್ದೆನಲ್ಲ.”

“ಇಷ್ಟು ಗಡಿಬಿಡಿ ಏನಿತ್ತೋ ನಿನಗ” ಅಂದೆ. ಹೆಂಡತಿ ನನ್ನ ಮುಖ ನೋಡಿದಳು. ಕಸುಬುದಾರರ ಮಾನ ಕಳೆಯುವಂಥ ಮನುಷ್ಯರು ಎಲ್ಲಾ ಕಸುಬಿನಲ್ಲೂ ಇರುತ್ತಾರೆ.

ಕಂಪ್ಯೂಟರ್ ಚೆನ್ನಾಗಿದೆ. ಜೋಡಿಸಿದ್ದು ಒಳ್ಳೆಯದಾಯಿತೋ ರೆಡಿ ತಂದಿದ್ದರೆ ಇನ್ನೂ ಒಳ್ಳೆಯದಾಗುತ್ತಿತ್ತೋ ನನಗೆ ಇವತ್ತಿಗೂ ತಿಳಿಯದು. ಮಗಳು ಹೇಳಿದ ಹಾಗೆ ಸೂಟಿ ಪೂರಾ ಮನೆಯಲ್ಲೇ ಇದ್ದಳು, ಮಾತಿಗೆ ತಪ್ಪಲಿಲ್ಲ. ಕಿವಿಗೆ ದೊಡ್ಡ ಹೆಡ್‌ಫೋನು ಹಾಕಿಕೊಂಡು, ನನಗೆ ಬೆನ್ನು ತೋರಿಸಿ ಪರದೆಯ ಮುಂದೆ ಕೂತಿರುತ್ತಿದ್ದಳು. ಸೊಲ್ಲಾಪುರಕ್ಕೆ ಹೋಗಿದ್ದರೆ ಸಂಜೆ ಒಂದು ಫೋನಾದರೂ ಬರುತ್ತಿತ್ತು. ಊಟಕ್ಕೆ ಕರೆದರೆ ಕೈ ಎತ್ತಿ ತಡಿ ಅನ್ನುವಳು. ಅಂಗಡಿಯಲ್ಲಿ ಅವಳ ಚಾಕ್‌ಪೀಸಿನ ಗೆರೆಗಳು ಟೇಬಲ್ಲಿನ ಮೇಲೆ ಹಾಗೇ ಇದ್ದವು, ಒರೆಸಲು ಮನಸ್ಸಾಗದೆ ಮಡಿಲ ಮೇಲೆ ಬಟ್ಟೆ ಇಟ್ಟುಕೊಂಡು ಕತ್ತರಿಸುತ್ತಿದ್ದೆ. ಮಹಿಬೂಬ ಬಂದು, ಮಾಲು ಸರಿ ಇದೆಯಲ್ಲ ಎಂದು ಕೇಳಿದ. ಸರಿ ಇದೆ ಅಂದೆ. ಮತ್ತೆ ಮುಖ ಯಾಕೆ ಹೀಗೆ ಎಂದರೆ ಅವನಿಗೂ ಒಂದು ಚಹಾ ಹೇಳಿದೆ. ಹೀಗೆ ಒಂದು ವಾರ ತಡೆದುಕೊಂಡೆ. ಒಂದು ಸಂಜೆ ಅಂಗಡಿ ಬೇಗ ಮುಚ್ಚಿ ಬಂದು, ಅವಳ ಕುರ್ಚಿಯ ಹಿಂದೆ ಸುಮಾರು ಹೊತ್ತು ನಿಂತು, ಕೊನೆಗೆ ಭುಜ ಮುಟ್ಟಿದೆ.

“ಯವ್ವಾ, ಇದಕ್ಕ ಇನ್ನೊಂದು ಪರದಿ ಬೇಕಾಗ್ತದೇನು? ದೊಡ್ಡದು ಛಲೋನೋ, ಸಣ್ಣದು ಛಲೋನೋ, ನನಗ ಒಂದೂ ತಿಳೀವಲ್ದು.”

ಸುಜಾತಾ ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟಳು. ಕುರ್ಚಿಯನ್ನು ನನ್ನ ಕಡೆ ತಿರುಗಿಸಿದಳು. “ಕೂಡು ಅಪ್ಪಾ, ಹೇಳ್ತೇನಿ” ಅಂದಳು. ಕೂತೆ. ಊಟದ ತನಕ ಹೇಳಿದಳು. ಎಲ್ಲವೂ ಸ್ಪಷ್ಟವಾಗಿ ತಿಳಿಯಿತು, ದೊಡ್ಡದೇ ಒಳ್ಳೆಯದು. ನನಗೆ ಇನ್ನೂ ಒಂಚೂರು ಅನುಮಾನ ಇದೆ ಎಂದು ಹೇಳಿ ಕೈ ತೊಳೆಯಲು ಎದ್ದೆ.